ಡಿಸೆಂಬರ್ ಮೂವತ್ತೊಂದರ ಹೆಂಡತಿ

ವರಮಾನ ತೆರಿಗೆ ಶ್ರೀಮಂತರಿಗೆ ಮಾತ್ರ ಎಂದು ಸಾವಿರದ ಒಂಬೈನೂರ ಹದಿಮೂರರಲ್ಲಿ ಸರ್ಕಾರ ಸಾರಿದಾಗ ಅಮೆರಿಕದ ಟೊಲೆಡೊ ಊರಿನ ಗುಮಾಸ್ತರೆಲ್ಲ ಚಪ್ಪಾಳೆ ತಟ್ಟಿದ್ದೆವು. ನಾನು ತುಸು ಜೋರಾಗಿಯೇ ತಟ್ಟಿದ್ದೆ. ನಾಲ್ಕೇ ವರ್ಷದಲ್ಲಿ ನಾನೂ ಶ್ರೀಮಂತನಾದೆ. ಸಂಬಳ ಏರಿದ್ದರಿಂದಲ್ಲ, ಮಿತಿ ಇಳಿದದ್ದರಿಂದ. ಯುದ್ಧ ಬಂದಿತ್ತು. ಸೈನ್ಯ ನನ್ನ ಚಪ್ಪಟೆ ಪಾದಗಳನ್ನು ಬೇಡವೆಂದಿತು. ಖಜಾನೆ ನನ್ನ ಸಂಬಳವನ್ನು ಬೇಕೆಂದಿತು. (ನಮ್ಮ ತಾತನ ಕಾಲದ ಅಂತರ್ಯುದ್ಧಕ್ಕೂ ಇದೇ ತೆರಿಗೆ ಹಾಕಿದ್ದರು. ಯುದ್ಧ ಮುಗಿದು ಏಳು ವರ್ಷವಾದ ಮೇಲೆ ತೆಗೆದರು. ತಾತ ಸಾಯುವವರೆಗೂ ಆ ಏಳು ವರ್ಷಗಳನ್ನು ಮರೆಯಲಿಲ್ಲ. ಯುದ್ಧವನ್ನು ಮರೆತಿದ್ದರು.)

ಇನ್ನು ನನ್ನ ಹೆಂಡತಿ ಕೋರಾ. ಅವಳಿಗೆ ಹೆಂಗಸರ ಟೋಪಿ ಹೊಲಿಯುವ ಹುಚ್ಚು. ನಮ್ಮ ಮನೆಯ ಕುರ್ಚಿಗಳಲ್ಲಿ ಆಸೀನರಾಗುವ ಹಕ್ಕು ಟೋಪಿಗಳಿಗೆ ಮಾತ್ರ. ಆ ವರ್ಷ ಕ್ರಿಸ್‌ಮಸ್ ಮರುದಿನ ಇದನ್ನು ಮರೆತು ಕೂತುಬಿಟ್ಟೆ. ಕೆಳಗಿನಿಂದ ಗರಿಯೊಂದು ಚುಚ್ಚಿತು.

"ಎಲ್ಮರ್! ಅದು ನಾಳೆ ಕೊಡಬೇಕಾಗಿರೋ ಟೋಪಿ!"

"ನಿನ್ನ ಆಟಕ್ಕೆ ಇಡೀ ಮನೆ ಬೇಕಾ? ಸಂಪಾದನೆ ಮಾಡೋನಿಗೆ ಒಂದು ಕುರ್ಚಿ ಬೇಡವಾ?"

"ಆಟ?" ಎಂದಳು ಕೋರಾ, ಬಹಳ ಮೆಲ್ಲಗೆ. "ಸರಿ. ಸಂಪಾದನೆ ಮಾಡೋರು ಹಾಯಾಗಿ ಕೂತ್ಕೊಳ್ಳಿ."

ಒಂದು ಗಂಟೆಯೊಳಗೆ ಅವಳೂ ನಾಲ್ಕು ಟೋಪಿ ಪೆಟ್ಟಿಗೆಗಳೂ ಹೊಳೆಯಾಚೆಯ ಅವಳ ತಾಯಿಯ ಮನೆ ಸೇರಿದರು. ಮನೆಯ ಕುರ್ಚಿಗಳೆಲ್ಲ ಖಾಲಿಯಾದವು. ಒಂದರಲ್ಲೂ ಸುಖವಿರಲಿಲ್ಲ. ಆದರೆ ಗಂಡಸಿನ ಮಾನ ಅಂತ ಒಂದಿದೆಯಲ್ಲ. ಐದು ದಿನ ಅದನ್ನೂ ಡಬ್ಬಿಯ ಬೀನ್ಸ್ ಕಾಳನ್ನೂ ನೆಚ್ಚಿಕೊಂಡು ಬದುಕಿದೆ.

ಆರನೆಯ ದಿನ, ಒಲೆ ಕಾರ್ಖಾನೆಯ ನಮ್ಮ ಕಚೇರಿಯಲ್ಲಿ, ಪಕ್ಕದ ಮೇಜಿನ ಬ್ರಹ್ಮಚಾರಿ ಓಟಿಸ್ ನಿಟ್ಟುಸಿರುಬಿಟ್ಟ.

"ನಿನಗೇನಪ್ಪ, ಪುಣ್ಯವಂತ. ನಮ್ಮಿಬ್ಬರ ಸಂಬಳವೂ ಸಾವಿರದ ಎಂಟುನೂರು. ಒಂಟಿ ಗಂಡಸಿಗೆ ಸಾವಿರದವರೆಗೆ ಮಾತ್ರ ಮಾಫಿ. ನಾನು ಹದಿನಾರು ಡಾಲರ್ ಕಟ್ಟಬೇಕು. ಹೆಂಡತಿ ಜೊತೆಗಿದ್ದರೆ ಎರಡು ಸಾವಿರದವರೆಗೆ ಮಾಫಿ. ನಿನಗೆ ಒಂದು ಕಾಸೂ ಇಲ್ಲ."

"ಜೊತೆಗಿದ್ದರೆ ಅಂದರೆ?"

"ವರ್ಷದ ಕೊನೇ ದಿನ ಒಂದೇ ಸೂರಿನಡಿ ಇರಬೇಕು. ಪ್ರಮಾಣ ಮಾಡಿ ಬರೀಬೇಕಂತೆ. ಸುಳ್ಳು ಹೇಳಿದರೆ ಜೈಲು. ಯಾಕೋ, ಮುಖ ಬಿಳಿಚ್ಕೊಂಡಿತು?"

ವರ್ಷದ ಕೊನೆಯ ದಿನ ಅಂದೇ ಆಗಿತ್ತು. ಹಲ್ಲುನೋವೆಂದು ಹೇಳಿ ರಜೆ ಪಡೆದು, ಎರಡು ಡಾಲರಿನ ಚಾಕೊಲೇಟ್ ಪೆಟ್ಟಿಗೆ ಕೊಂಡು ಟ್ರಾಮ್ ಹತ್ತಿದೆ.

ಬಾಗಿಲು ತೆರೆದವರು ಅತ್ತೆ, ಮಿಸೆಸ್ ಹ್ಯಾಸ್ಕೆಲ್. "ಬನ್ನಿ ಅಳಿಯಂದಿರೇ. ಹೊಳೆ ದಾಟೋಕೆ ಐದು ದಿನ ಹಿಡೀತಾ?"

ಒಳಗೆ ಕೋರಾ ಟೋಪಿಯೊಂದಕ್ಕೆ ರಿಬ್ಬನ್ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೋರಾ, ನೀನಿಲ್ಲದ ಮನೆ ಮನೆಯಲ್ಲ. ಹೊಸ ವರ್ಷ ಹುಟ್ಟೋ ಮುಂಚೆ ನೀನು ಬರಬೇಕು. ಇವತ್ತೇ!"

"ಏನಷ್ಟು ಅವಸರ?" ಎಂದರು ಅತ್ತೆ. "ನಾಳೆ ಬಾತುಕೋಳಿ ಬೇಯಿಸ್ತೀನಿ. ತಿಂದು ಕರ್ಕೊಂಡು ಹೋಗು."

"ನಾಳೆವರೆಗೆ ನನ್ನ ಪ್ರಾಣ ನಿಲ್ಲೋಲ್ಲ ಅತ್ತೆ!"

ಕೋರಾಳ ಕೈಯ ಸೂಜಿ ನಿಂತಿತು. ಕಣ್ಣು ತುಂಬಿ ಬಂತು. ಬಂದಳು. ಟ್ರಾಮಿನಲ್ಲಿ ಅವಳು ನನ್ನ ತೋಳಿಗೆ ತೋಳು ಸೇರಿಸಿದಾಗ ಹದಿನಾರು ಡಾಲರ್ ನಿಜಕ್ಕೂ ಮರೆತೇಹೋಗಿತ್ತು. (ಎರಡು ನಿಲ್ದಾಣಗಳವರೆಗೆ.)

ಫೆಬ್ರವರಿಯಲ್ಲಿ ತೆರಿಗೆ ಅಧಿಕಾರಿಯೊಬ್ಬರು ಅಂಚೆ ಕಚೇರಿಯ ಮೂಲೆಯಲ್ಲಿ ಮೇಜು ಹಾಕಿ ಕೂತರು. ಸಾಕ್ಷಿಗಿರಲೆಂದು ಕೋರಾಳನ್ನೂ ಕರೆದೊಯ್ದೆ.

"ವರ್ಷದ ಕೊನೇ ದಿನ ಹೆಂಡತಿ ಜೊತೆ ವಾಸವಾಗಿದ್ದಿರಾ?"

"ಇದ್ದೆ!" ಎಂದ ನನ್ನ ಗರ್ಜನೆಗೆ ಅಂಚೆಚೀಟಿ ಕೊಳ್ಳುವವರೆಲ್ಲ ತಿರುಗಿ ನೋಡಿದರು. "ಅವತ್ತೇ ಅವಳ ತಾಯಿ ಮನೆಯಿಂದ ಕರ್ಕೊಂಡು ಬಂದೆ."

"ತಾಯಿ ಮನೆಗೆ ನಾಲ್ಕು ದಿನ ಹೋದರೆ ಅದನ್ನ ಬೇರೆ ವಾಸ ಅನ್ನೋಲ್ಲ ಸ್ವಾಮಿ. ನೀವು ಕರ್ಕೊಂಡು ಬರದಿದ್ದರೂ ವಿನಾಯಿತಿ ಸಿಕ್ತಿತ್ತು."

"ಅಯ್ಯೋ! ಇದನ್ನ ಮೊದಲೇ ಹೇಳಬಾರದಿತ್ತಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಎರಡನ್ನೂ ಒಟ್ಟಿಗೇ ಮಾಡಿದ್ದೆ.

ಕೋರಾ ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸುತ್ತ ಕೇಳಿದಳು. "ಯಾವ ವಿನಾಯಿತಿ?"

ಆ ಪುಣ್ಯಾತ್ಮ ಸವಿವರವಾಗಿ ತಿಳಿಸಿಕೊಟ್ಟ.

"ಹಾಗಾದರೆ ನಾನು ಮನೆಗೆ ಬಂದದ್ದು ಹದಿನಾರು ಡಾಲರಿಗೆ," ಎಂದಳು. ನನ್ನ ಕಡೆ ನೋಡಲೇ ಇಲ್ಲ. "ಅಧಿಕಾರಿಗಳೇ, ಹೆಂಡತಿಗೂ ವರಮಾನ ಇದ್ದರೆ ಅದನ್ನೂ ಸೇರಿಸಬೇಕಲ್ಲವೇ?"

"ಸೇರಿಸಬೇಕಮ್ಮ."

"ಬರ್ಕೊಳ್ಳಿ. ಖರ್ಚು ಕಳೆದು ಒಂಬೈನೂರು ಡಾಲರ್."

ಅಧಿಕಾರಿಯ ಲೇಖನಿ ನಿಂತಿತು. ನನ್ನ ಉಸಿರೂ ನಿಂತಿತು. "ಒಂಬೈನೂರಾ? ಅದೆಲ್ಲಿಂದ ಬಂತು ಕೋರಾ?"

"ಆಟದಲ್ಲಿ ಗೆದ್ದದ್ದು."

ಇಬ್ಬರದೂ ಸೇರಿ ಎರಡು ಸಾವಿರ ದಾಟಿತು. ಹದಿನಾಲ್ಕು ಡಾಲರ್ ತೆರಿಗೆ ಬಿತ್ತು. ಅಂದರೆ ನನಗೆ ಉಳಿದದ್ದು ಎರಡು ಡಾಲರ್. ಅದನ್ನು ಅತ್ತೆ ಚಾಕೊಲೇಟ್ ರೂಪದಲ್ಲಿ ಆಗಲೇ ತಿಂದು ಮುಗಿಸಿದ್ದರು.

ಕೋರಾ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಹತ್ತು ತಿಂಗಳು ಆ ವಿಷಯ ಎತ್ತಲಿಲ್ಲ. ನವೆಂಬರಿನಲ್ಲಿ ಯುರೋಪಿನ ಯುದ್ಧ ಮುಗಿಯಿತು. ನಮ್ಮ ಮನೆಯದು ಇನ್ನೂ ಶುರುವಾಗಿರಲಿಲ್ಲ.

ಡಿಸೆಂಬರ್ ಇಪ್ಪತ್ತೇಳರ ಸಂಜೆ ಕೆಲಸದಿಂದ ಬಂದರೆ ಅಡಿಗೆಮನೆಯ ಮೇಜಿನ ಮೇಲೆ ಒಂದು ಚೀಟಿ.

"ಅಮ್ಮನ ಮನೆಗೆ ಹೋಗಿದ್ದೇನೆ. ನೀನು ಕರೆಯಲು ಬರದಿದ್ದರೂ ವಿನಾಯಿತಿ ಸಿಗುತ್ತದೆ. ಕೋರಾ."

ಚೀಟಿಯನ್ನು ಎರಡನೆಯ ಸಲ ಓದಿದ್ದು ಟ್ರಾಮಿನಲ್ಲಿ. ಈ ಸಲ ಒಂದು ಕಾಸಿನ ಲಾಭವೂ ಇರಲಿಲ್ಲ. ಅಷ್ಟು ಪ್ರಾಮಾಣಿಕವಾಗಿ ನಾನು ಜನ್ಮದಲ್ಲಿ ಎಲ್ಲಿಗೂ ಹೋದವನಲ್ಲ. ಅದನ್ನು ಹೇಗೆ ಹೇಳಬೇಕೆಂದು ಹಾದಿಯುದ್ದಕ್ಕೂ ಯೋಚಿಸಿದೆ. ಒಳ್ಳೊಳ್ಳೆಯ ಮಾತುಗಳೆಲ್ಲ ಹೋದ ವರ್ಷವೇ ಖರ್ಚಾಗಿದ್ದವು.

ಬಾಗಿಲು ತಟ್ಟಿದೆ. ಅತ್ತೆ ತೆರೆದರು. ಏದುಸಿರು ಬಿಡುತ್ತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಕೂಗಿದರು.

"ಕೋರಾ, ಇವತ್ತಿನ ಪೇಪರ್ ತಗೊಂಡು ಬಾರೇ. ಹೊಸ ಕಾಯಿದೆ ಏನೋ ಬಂದ ಹಾಗಿದೆ."