ಮೂವತ್ತೊಂಬತ್ತರ ಮೇಲೊಂದು

ಮೇಷ್ಟ್ರು ಮೊದಲ ಸಲ ಎಣಿಸಿದಾಗ ಮೂವತ್ತೊಂಬತ್ತು ಬಂತು. ಎರಡನೆಯ ಸಲವೂ ಮೂವತ್ತೊಂಬತ್ತೇ. ಮೂರನೆಯ ಸಲ ಕನ್ನಡಕ ಒರೆಸಿಕೊಂಡು, ಬೆರಳಿಗೆ ನೀರು ಹಚ್ಚಿಕೊಂಡು, ದೇವರನ್ನು ನೆನೆದು ಎಣಿಸಿದರು. ದೇವರು ಲೆಕ್ಕದಲ್ಲಿ ಕೈ ಹಾಕಲಿಲ್ಲ, ಮೂವತ್ತೊಂಬತ್ತೇ ಬಂತು. ಕಟ್ಟಿನ ದಾರಕ್ಕೆ ಬಿಗಿದಿದ್ದ ಚೀಟಿಯಲ್ಲಿ ಮಾತ್ರ, ವಿಶ್ವವಿದ್ಯಾಲಯದವರ ದಪ್ಪ ಅಕ್ಷರಗಳಲ್ಲಿ, ನಲವತ್ತು ಎಂದಿತ್ತು.

ಅವು ಎರಡನೆಯ ವರ್ಷದ ಇತಿಹಾಸದ ಉತ್ತರ ಪತ್ರಿಕೆಗಳು. ಹತ್ತು ದಿನ ಮನೆಯಲ್ಲಿಟ್ಟುಕೊಂಡು ತಿದ್ದಿ, ಅಂಕಪಟ್ಟಿಯ ಸಮೇತ ಅಂದು ಸಂಜೆ ನಾಲ್ಕರೊಳಗೆ ಪರೀಕ್ಷಾ ವಿಭಾಗಕ್ಕೆ ಒಪ್ಪಿಸಬೇಕಾಗಿತ್ತು. ಮೂವತ್ತನಾಲ್ಕು ವರ್ಷ ಮೇಷ್ಟ್ರು ಹೀಗೆ ಒಪ್ಪಿಸಿದ್ದರು. ಆದರೆ ಅಷ್ಟು ವರ್ಷವೂ ತಿದ್ದಿದವರು ಮಾತ್ರ ಅವರು, ಎಣಿಸಿದವರು ಅವರ ಹೆಂಡತಿ. ಕಟ್ಟು ಮನೆಗೆ ಬಂದ ಕೂಡಲೇ ಆಕೆ ಎಣಿಸುತ್ತಿದ್ದರು, ಪ್ರತಿ ಸಂಜೆ ಮತ್ತೊಮ್ಮೆ ಎಣಿಸಿ, ಅಂಚು ತಟ್ಟಿ, "ಮಕ್ಕಳೆಲ್ಲ ಮನೆ ಸೇರಿದ್ರು" ಎಂದು ಹೇಳಿ ದೀಪ ಸಣ್ಣದು ಮಾಡುತ್ತಿದ್ದರು. ಆಕೆ ಹೋಗಿ ಎಂಟು ತಿಂಗಳಾಗಿತ್ತು. ಈ ಸಲ ಮೇಷ್ಟ್ರು ಹತ್ತು ದಿನ ತಿದ್ದಿದ್ದರು. ಎಣಿಸಬೇಕೆಂಬುದು ಹೊಳೆದದ್ದು ಹನ್ನೊಂದನೆಯ ದಿನ ಬೆಳಗ್ಗೆ.

ಪರೀಕ್ಷಾ ವಿಭಾಗಕ್ಕೆ ಫೋನು ಮಾಡಿದರು. ತೆಗೆದುಕೊಂಡವನು ಅಲ್ಲಿಯ ಗುಮಾಸ್ತ. ಯಾರು ಏನು ಕೇಳಿದರೂ ಇಂಥ ಕಲಂ ಎಂದು ಅಂಕೆ ಹೇಳದೆ ಬಾಯಿ ಬಿಡದವನಾದ್ದರಿಂದ ಅವನಿಗೆ ಕಲಮಣ್ಣ ಎಂದೇ ಹೆಸರಾಗಿತ್ತು. ಮೇಷ್ಟ್ರು ಯಾರದೋ ಮನೆಯ ಸುದ್ದಿ ಎಂಬಂತೆ, ಪತ್ರಿಕೆಯೊಂದು ಕಾಣೆಯಾದರೆ ಏನಾಗುತ್ತದೆ ಎಂದು ಕೇಳಿದರು. ಕಲಂ ಹದಿನೇಳರ ಪ್ರಕಾರ ಮೌಲ್ಯಮಾಪಕರು ಸಮಿತಿಯ ಮುಂದೆ ನಿಂತು ತಪ್ಪೊಪ್ಪಿಗೆ ಬರೆದುಕೊಡಬೇಕು, ವಿದ್ಯಾರ್ಥಿಗೆ ಉಳಿದ ವಿಷಯಗಳ ಸರಾಸರಿ ಕೊಡಲಾಗುವುದು ಎಂದು ಕಲಮಣ್ಣ ಒಪ್ಪಿಸಿದ. ಆ ಸರಾಸರಿ ಮೂವತ್ತೈದಕ್ಕೆ ಕಡಿಮೆ ಬಂದರೆ? ಆಗ ಕಲಂ ಇಪ್ಪತ್ತೆರಡು: ಎರಡನೆಯ ವರ್ಷದ ಒಂದು ವಿಷಯ ಉಳಿದರೂ ಮೂರನೆಯ ವರ್ಷಕ್ಕೆ ಕಾಲಿಡುವಂತಿಲ್ಲ.

ಮೇಷ್ಟ್ರು ಫೋನಿಟ್ಟು ಕುರ್ಚಿಯಲ್ಲಿ ಕುಸಿದರು. ಸಮಿತಿಯ ಮುಂದೆ ನಿಲ್ಲುವುದಿರಲಿ, ಬೇರೆಲ್ಲ ವಿಷಯಗಳಲ್ಲಿ ದಡ್ಡನಾಗಿ ಇತಿಹಾಸವೊಂದನ್ನೇ ನೆಚ್ಚಿಕೊಂಡ ಯಾವುದೋ ಮಗು ಅವರ ಕಣ್ಣ ಮುಂದೆ ಬಂದು ನಿಂತಿತು. ಆ ಮಗುವಿನ ಒಂದು ವರ್ಷ ಈ ಮನೆಯಲ್ಲೇ ಎಲ್ಲೋ ಬಿದ್ದಿದೆ, ತಮ್ಮ ಕಣ್ಣಿಗೆ ಕಾಣುತ್ತಿಲ್ಲ.

ಹುಡುಕಾಟದ ಸದ್ದಿಗೆ ಮೊದಲು ಬಂದವರು ಎದುರು ಮನೆಯ ದಫೇದಾರರು. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಅವರೊಳಗಿನ ಪೊಲೀಸು ಇನ್ನೂ ಪಹರೆಯಲ್ಲೇ ಇತ್ತು. ಬಾಗಿಲಲ್ಲಿ ನಿಂತು, ಯಾರೂ ಏನನ್ನೂ ಮುಟ್ಟಕೂಡದೆಂದು ಅಪ್ಪಣೆ ಮಾಡಿ, ತಾವು ಎಲ್ಲವನ್ನೂ ಮುಟ್ಟಿದರು. ಸೋಫಾವನ್ನು ಆಮೆಯಂತೆ ಅಂಗಾತ ಮಲಗಿಸಿದರು. ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟರು. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು ಮೇಷ್ಟ್ರನ್ನೇ ವಿಚಾರಣೆಗೆ ಕೂರಿಸಿದರು.

"ಹಿಂದೆ ಯಾವಾಗಲಾದ್ರೂ ಹೀಗೆ ಕಳೆದಿದ್ದುಂಟಾ?"

ಸುಳ್ಳು ಹೇಳುವುದು ಮೇಷ್ಟ್ರಿಗೆ ಬರುತ್ತಿರಲಿಲ್ಲ. "ಒಂದು ಸಲ. ಹನ್ನೆರಡು ವರ್ಷ ಆಯ್ತು. ಕೊನೆಗೂ ಸಿಗಲಿಲ್ಲ. ಸಮಿತಿ ಮುಂದೆ ಬರೆದುಕೊಟ್ಟೆ."

ದಫೇದಾರರು ಪುಸ್ತಕದಲ್ಲಿ 'ಹಳೆಯ ಅಪರಾಧಿ' ಎಂದು ಬರೆದು ಕೆಳಗೆ ಗೆರೆ ಎಳೆದರು.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ, ಕೊರಳಲ್ಲಿ ಅಳತೆ ಪಟ್ಟಿ, ಬಾಯಲ್ಲಿ ಎರಡು ಗುಂಡುಪಿನ್ನು ಇಟ್ಟುಕೊಂಡೇ ಬಂದರು. ಆಕೆಗೆ ದಫೇದಾರರ ತನಿಖೆಯಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆರು ವರ್ಷದ ಹಿಂದೆ ಕಳೆದ ತಮ್ಮ ಕತ್ತರಿಯನ್ನು ಅವರು ಇನ್ನೂ ಹುಡುಕುತ್ತಲೇ ಇದ್ದಾರೆಂದು ನೆನಪಿಸಿದರು. ದಫೇದಾರರು ಆ ಪ್ರಕರಣ ಮುಗಿದಿಲ್ಲವೆಂದರು. ಹೀಗೆ ಇಬ್ಬರೂ ವಾದಿಸುತ್ತ ಅಡುಗೆಮನೆ, ಬಚ್ಚಲು, ಪುಸ್ತಕದ ಕಪಾಟು ಎಲ್ಲವನ್ನೂ ತಲೆಕೆಳಗು ಮಾಡಿದರು. ಕಪಾಟಿನಲ್ಲಿ ಹೋದ ವಾರದಿಂದ ಕಾಣೆಯಾಗಿದ್ದ ಮೇಷ್ಟ್ರ ಎಡಗಾಲಿನ ಚಪ್ಪಲಿ ಸಿಕ್ಕಿತು. ಉತ್ತರ ಪತ್ರಿಕೆ ಸಿಗಲಿಲ್ಲ. ಗಂಟೆ ಎರಡಾಯಿತು.

ಟೈಲರಮ್ಮ ಬಾಯಿಂದ ಗುಂಡುಪಿನ್ನು ತೆಗೆದರು. ದನಿ ತಗ್ಗಿಸಿದರು. "ಮೇಷ್ಟ್ರೇ, ಅಕ್ಕನ ಬೀರು ನೋಡಿದ್ರಾ?"

ಮೇಷ್ಟ್ರು ನೋಡಿರಲಿಲ್ಲ. ಎಂಟು ತಿಂಗಳಿಂದ ಆ ಬೀರುವಿನ ಮುಂದೆ ಹಾದುಹೋಗುವಾಗ ಮುಖ ಆಚೆಗೆ ತಿರುಗಿಸಿಕೊಂಡೇ ಹೋಗುತ್ತಿದ್ದರು. "ನೀವೇ ತೆಗೀರಮ್ಮ" ಎಂದು ಬೀಗದಕೈ ಕೊಟ್ಟು ಕಿಟಕಿಯ ಕಡೆ ನೋಡುತ್ತ ನಿಂತರು. ದಫೇದಾರರು ಕೂಡ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಟೈಲರಮ್ಮ ಒಂದೊಂದೇ ಬಟ್ಟೆ ಎತ್ತಿ, ಮಡಿಕೆ ಕೆಡದಂತೆ ಮಂಚದ ಮೇಲಿಡುತ್ತ ಹೋದರು. ಉಣ್ಣೆಯ ಶಾಲಿನ ಕೆಳಗೆ ಉತ್ತರ ಪತ್ರಿಕೆಯಿತ್ತು. ಅದೇ ನೀಲಿ ರಟ್ಟು. ಒಂದು ಕೆಂಪು ಗುರುತೂ ಬಿದ್ದಿರಲಿಲ್ಲ.

ಮೇಷ್ಟ್ರಿಗೆ ಎಲ್ಲವೂ ಅರ್ಥವಾದಂತಾಯಿತು. ತಿದ್ದುವಾಗ ಯಾವುದಾದರೂ ಪತ್ರಿಕೆ ತಲೆ ಕೆಡಿಸಿ ತಾವು ಗೊಣಗತೊಡಗಿದರೆ ಹೆಂಡತಿ ಬಂದು ಅದನ್ನು ಕೈಯಿಂದ ಕಸಿದುಕೊಂಡು ಬೀರುವಿನಲ್ಲಿಡುತ್ತಿದ್ದರು. "ನಾಳೆ ತಿಂಡಿ ಆದ್ಮೇಲೆ ನೋಡಿ. ಹಸಿದ ಹೊಟ್ಟೇಲಿ ಯಾರನ್ನೂ ಫೇಲ್ ಮಾಡ್ಬಾರ್ದು" ಎನ್ನುತ್ತಿದ್ದರು. ಈ ಸಲ ಗೊಣಗಿದವರೂ ತಾವೇ, ಕಸಿದುಕೊಂಡವರೂ ತಾವೇ ಇರಬೇಕು. ಚಪ್ಪಲಿಯನ್ನು ಕಪಾಟಿನಲ್ಲಿಡುವ ಮನುಷ್ಯ ಏನನ್ನು ಎಲ್ಲಿ ತಾನೇ ಇಡಲಾರ? ಬುದ್ಧಿ ಮರೆತದ್ದನ್ನು ಕೈ ನೆನಪಿಟ್ಟುಕೊಂಡಿತು ಎಂದು ಕಣ್ಣೊರೆಸಿಕೊಂಡು, ಅಲ್ಲೇ ಮಂಚದ ಅಂಚಿನಲ್ಲಿ ಕೂತು ತಿದ್ದಲು ಶುರು ಮಾಡಿದರು.

ಬರೆದ ಹುಡುಗ ಒಳ್ಳೆಯ ಮನಸ್ಸಿನವನು, ಆದರೆ ಇತಿಹಾಸಕ್ಕೂ ಅವನಿಗೂ ಪರಿಚಯವಿದ್ದಂತಿರಲಿಲ್ಲ. ಪ್ರಶ್ನೆಗಳ ನಂಬರನ್ನೂ ತಪ್ಪುತಪ್ಪಾಗಿ ಹಾಕಿದ್ದ. ಎರಡನೆಯ ಪ್ರಶ್ನೆಯ ಉತ್ತರ ಆರರ ಕೆಳಗಿತ್ತು, ಆರನೆಯದು ಒಂದರ ಕೆಳಗೆ. ಗಾಬರಿಯಲ್ಲಿ ಮಕ್ಕಳು ಹೀಗೆ ಮಾಡುವುದುಂಟು ಎಂದು ಮೇಷ್ಟ್ರು ಅದನ್ನು ಕ್ಷಮಿಸಿದರು. ಕೂಡಿದಾಗ ಇಪ್ಪತ್ತೇಳು ಬಂತು. ಟೈಲರಮ್ಮ ತಂದುಕೊಟ್ಟ ಚಹಾ ಕುಡಿದು ಮತ್ತೆ ನೋಡಿದರು, ಇಪ್ಪತ್ತೊಂಬತ್ತಾಯಿತು. ಕರುಣೆಯ ತುತ್ತತುದಿಗೆ ಹೋಗಿ ನಿಂತು ಮೂರನೆಯ ಸಲ ನೋಡಿದರು, ಮೂವತ್ತೊಂದಾಯಿತು. ಅಲ್ಲಿಂದಾಚೆ ಹೆಜ್ಜೆಯಿಟ್ಟರೆ ಸುಳ್ಳಾಗುತ್ತಿತ್ತು. ದಫೇದಾರರು ನಾಲ್ಕು ಅಂಕ ತಮ್ಮ ಲೆಕ್ಕದಲ್ಲಿ ಹಾಕಿಬಿಡಿ ಎಂದರು. ಅಂಥ ಕಲಂ ಇಲ್ಲವೆಂದು ಮೇಷ್ಟ್ರು ನಿಟ್ಟುಸಿರಿಟ್ಟು ಕಟ್ಟನ್ನು ಬಿಗಿದರು.

ಬಸ್ಸು ಹತ್ತಿ ಪರೀಕ್ಷಾ ವಿಭಾಗ ತಲುಪಿದಾಗ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಉದ್ದನೆಯ ಕೋಣೆ, ಸೀಲಿಂಗಿನವರೆಗೆ ಕಟ್ಟುಗಳು, ಮಧ್ಯೆ ಒಂದು ಮೇಜು, ಮೇಜಿನ ಹಿಂದೆ ಕಲಮಣ್ಣ. ವಯಸ್ಸು ಮೂವತ್ತಮೂರೋ ಮೂವತ್ತನಾಲ್ಕೋ, ಗಾಂಭೀರ್ಯ ಮಾತ್ರ ಅರವತ್ತರದು. ಅವನು ಕಟ್ಟನ್ನು ಬಿಚ್ಚಿ, ಯಂತ್ರದಂತೆ ಎಣಿಸಿ, ಹುಬ್ಬು ಗಂಟಿಕ್ಕಿದ.

"ಸಾರ್, ನಲವತ್ತಿದೆ."

"ನಲವತ್ತೇ ಇರಬೇಕಲ್ಲಪ್ಪ."

ಕಲಮಣ್ಣ ಚೀಟಿಯನ್ನು ಮಗುಚಿ ತೋರಿಸಿದ. ಹಿಂದುಗಡೆ ಸಣ್ಣ ಅಕ್ಷರದಲ್ಲಿ, 'ಗೈರುಹಾಜರಿ ಒಂದು' ಎಂದಿತ್ತು. ಪರೀಕ್ಷೆಗೆ ಹೆಸರು ಕೊಟ್ಟವರು ನಲವತ್ತು, ಬರೆದವರು ಮೂವತ್ತೊಂಬತ್ತು. ಚೀಟಿಯ ಎರಡು ಬದಿಯನ್ನೂ ಓದುತ್ತಿದ್ದವರು ಮೇಷ್ಟ್ರ ಹೆಂಡತಿ. ಮೇಷ್ಟ್ರಿಗೆ ಚೀಟಿಗೆ ಬೆನ್ನಿದೆಯೆಂಬುದೇ ಗೊತ್ತಿರಲಿಲ್ಲ.

"ಹಾಗಾದ್ರೆ ಏನೂ ಕಳೆದೇ ಇರಲಿಲ್ವಾ?"

"ಕಳೆದಿದ್ರೆ ಕಲಂ ಹದಿನೇಳು ಇದೆ ಸಾರ್. ಹೆಚ್ಚಾದ್ರೆ ಏನು ಮಾಡ್ಬೇಕು ಅಂತ ನಿಯಮಾವಳಿಯಲ್ಲಿ ಎಲ್ಲೂ ಇಲ್ಲ" ಎಂದು ಕಲಮಣ್ಣ ಜೀವನದಲ್ಲಿ ಮೊದಲ ಬಾರಿ ದಾರಿ ತಪ್ಪಿದವನಂತೆ ನುಡಿದ. ಆಮೇಲೆ ಒಂದೊಂದೇ ಪತ್ರಿಕೆಯ ಮುದ್ರೆ ನೋಡುತ್ತ ಬಂದು ಒಂದರ ಮೇಲೆ ಬೆರಳಿಟ್ಟ. ರಟ್ಟಿನ ಒಳಬದಿಯ ಮುದ್ರೆಯಲ್ಲಿದ್ದ ವರ್ಷ ಹನ್ನೆರಡು ವರ್ಷ ಹಿಂದಿನದು.

ಮೇಷ್ಟ್ರು ಬಗ್ಗಿ ಆ ಮುದ್ರೆ ನೋಡಿದರು. ಅಂದು ಕಳೆದದ್ದು ಇಂದು ಸಿಕ್ಕಿತ್ತು. ಹನ್ನೆರಡು ವರ್ಷವಾದರೂ ಅದೇ ಪ್ರಶ್ನೆಗಳನ್ನೇ ಹಿಂದುಮುಂದು ಮಾಡಿ ಕೇಳುತ್ತಿದ್ದುದರಿಂದ ಉತ್ತರಗಳು ಹೊಂದಿಬಿಟ್ಟಿದ್ದವು. ತಪ್ಪಿದ್ದು ಹುಡುಗನ ನಂಬರಲ್ಲ, ಮೇಷ್ಟ್ರು ಹಿಡಿದಿದ್ದ ಪ್ರಶ್ನೆಪತ್ರಿಕೆ.

"ಇದಕ್ಕೆ ಕಲಂ ಇದೆ ಸಾರ್" ಎಂದ ಕಲಮಣ್ಣ, ನೆಲ ಸಿಕ್ಕಿದ ಉತ್ಸಾಹದಲ್ಲಿ. "ಹದಿನೇಳರ ಉಪಕಲಂ ಮೂರು. ಕಳೆದ ಪತ್ರಿಕೆ ಎಷ್ಟೇ ವರ್ಷದ ಮೇಲೆ ಸಿಕ್ಕಿದ್ರೂ ಸರಾಸರಿ ರದ್ದು, ನಿಜವಾದ ಅಂಕವೇ ಊರ್ಜಿತ. ಮೂವತ್ತೊಂದು. ಅಂದ್ರೆ ಫೇಲು. ಫೇಲಾದವನು ಮೂರನೇ ವರ್ಷಕ್ಕೆ ಹೋಗಿದ್ದೇ ತಪ್ಪು. ಪದವಿ ವಾಪಸು. ಪಾಪ, ಯಾರೋ ಏನೋ" ಎಂದು ಹೇಳುತ್ತ ಒಳಪುಟ ತೆರೆದವನು ಹಾಗೇ ನಿಂತುಬಿಟ್ಟ.

"ಸಾರ್, ಇದು ನನ್ನ ಕೈಬರಹ."

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಇಬ್ಬರಿಗೂ ಕೇಳಿಸಲಿಲ್ಲ.

ಕಲಮಣ್ಣ ಕುರ್ಚಿಯಲ್ಲಿ ಕೂತ. ಈ ಪದವಿಯ ಮೇಲೆಯೇ ಈ ಕೆಲಸ ಸಿಕ್ಕಿದ್ದು, ಕೆಲಸದ ಮೇಲೆಯೇ ಮದುವೆಯಾದದ್ದು, ಮಗಳನ್ನು ಈ ವರ್ಷ ಶಾಲೆಗೆ ಸೇರಿಸಿದ್ದು, ಎಲ್ಲವನ್ನೂ ಕಲಂ ಸಂಖ್ಯೆಯಿಲ್ಲದೆ ಹೇಳಿದ. ಆಮೇಲೆ ಮೆಲ್ಲಗೆ ಕೇಳಿದ:

"ನಾಲ್ಕನೇ ಉತ್ತರಕ್ಕೆ ಬರೀ ಎರಡಾ ಸಾರ್?"

"ಯುದ್ಧದ ಕಾರಣಗಳೇನು ಅಂತ ಕೇಳಿದ್ರೆ, ಯುದ್ಧದ ದಿನ ಎಂಥ ಮಳೆ ಬಂತು ಅಂತ ಬರೆದಿದ್ದೀಯಲ್ಲಪ್ಪ."

"ಮಳೆಗೆ ಸೈನ್ಯ ದಾರಿ ತಪ್ತು ಅಂತ ನನ್ನ ವಾದ ಸಾರ್."

"ನೀನೂ ಅವರ ಜೊತೆಗೇ ತಪ್ಪಿದ್ದೀಯ. ಎರಡು ಕೊಟ್ಟಿದ್ದೇ ಹೆಚ್ಚು."

ಕಲಮಣ್ಣ ತಲೆಯಾಡಿಸಿದ. ನಿಯಮ ತನ್ನ ತಲೆಯ ಮೇಲೆ ಬಿದ್ದಾಗ ತಪ್ಪಿಸಿಕೊಳ್ಳುವವನಲ್ಲ ಅವನು. ಅವನು ಪತ್ರಿಕೆ ಬಂದು ಸೇರಿತೆಂಬ ಆವಕ ಮುದ್ರೆಯನ್ನು ಶಾಯಿಗೆ ಒತ್ತಿ, ಹೊಡೆಯುವ ಮುಂಚೆ ಅಭ್ಯಾಸದಂತೆ ಕೊನೆಯ ಪುಟಗಳನ್ನು ತಿರುವಿದ. "ಖಾಲಿ ಪುಟಕ್ಕೆ ಅಡ್ಡಗೆರೆ ಎಳೆದಿಲ್ಲ ಸಾರ್" ಎಂದ. ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಖಾಲಿ ಪುಟಗಳನ್ನು ಬಿಡಿಸಿದಾಗ ಮಧ್ಯದಿಂದ ಮಡಿಸಿದ ಕಾಗದವೊಂದು ಮೇಜಿನ ಮೇಲೆ ಬಿತ್ತು.

ಮೇಷ್ಟ್ರು ಆ ಅಕ್ಷರಗಳನ್ನು ಕನ್ನಡಕವಿಲ್ಲದೆಯೇ ಗುರುತಿಸಿದರು.

'ಇದು ನನಗೆ ಸಿಕ್ಕಿದ್ದು ಫಲಿತಾಂಶ ಬಂದು ಮೂರು ತಿಂಗಳಾದ ಮೇಲೆ. ನಿಮ್ಮ ಸಿಟ್ಟು ಇಳಿಯಲಿ ಎಂದು ನಾನೇ ಎತ್ತಿಟ್ಟು ಮರೆತಿದ್ದೆ. ವಿಚಾರಿಸಿದೆ, ಮಗು ಸರಾಸರಿಯಲ್ಲಿ ಪಾಸಾಗಿದೆಯಂತೆ. ನಿಮಗೆ ಹೇಳಿದರೆ ಆ ಗಳಿಗೆಯಲ್ಲೇ ತಿದ್ದಿ, ಬಸ್ಸು ಹತ್ತಿ ಹೋಗಿ ಕೊಟ್ಟುಬರುತ್ತೀರಿ. ನಿಮ್ಮನ್ನು ನಾನು ಬಲ್ಲೆ. ಪಾಸಾದ ಮಗುವನ್ನು ಮತ್ತೆ ಫೇಲು ಮಾಡುವ ಪಾಪ ನಿಮಗೆ ಬೇಡ. ತಪ್ಪು ನನ್ನದು. ಬೈಯಬೇಕಾದರೆ ನನ್ನನ್ನೇ ಬೈಯಿರಿ.'

ಮೇಷ್ಟ್ರು ಎರಡು ಸಲ ಓದಿದರು. ಆಮೇಲೆ ಕಲಮಣ್ಣನ ಕೈಯ ಕೆಳಗಿನಿಂದ ಪತ್ರಿಕೆಯನ್ನು ಎಳೆದುಕೊಂಡು, ಕಾಗದವನ್ನು ಮೊದಲಿದ್ದಲ್ಲೇ ಇಟ್ಟು, ಚೀಲಕ್ಕೆ ಹಾಕಿಕೊಂಡರು.

"ಸಾರ್, ಉಪಕಲಂ ಮೂರು..."

"ಅದು ಉತ್ತರ ಪತ್ರಿಕೆಗೆ. ಇದು ನನ್ನ ಹೆಂಡತಿ ನನಗೆ ಬರೆದ ಕಾಗದ. ಇದಕ್ಕೆ ನೀನು ಮುದ್ರೆ ಹೊಡೆಯೋ ಹಾಗಿಲ್ಲ."

ಕಲಮಣ್ಣ ಮುದ್ರೆಯನ್ನು ಕೆಳಗಿಟ್ಟ. ಮೇಜಿನ ಈಚೆಗೆ ಬಂದು ಮೇಷ್ಟ್ರ ಕಾಲು ಮುಟ್ಟಿದ. ಕಣ್ಣು ಮೂಗು ಒರೆಸಿಕೊಂಡು, ಮತ್ತೆ ಕುರ್ಚಿಯಲ್ಲಿ ಕೂತು ಮೂವತ್ತೊಂಬತ್ತು ಪತ್ರಿಕೆಗಳನ್ನು ಅಂಕಪಟ್ಟಿಯೊಂದಿಗೆ ತಾಳೆ ನೋಡಿ ಮುಗಿಸಿದ. ಕೊನೆಗೆ ಗಡಿಯಾರದ ಕಡೆ ಕತ್ತೆತ್ತಿ ನೋಡಿ, ಕೆಂಪು ಬಟ್ಟೆ ಹೊದಿಸಿದ ಪುಸ್ತಕವೊಂದನ್ನು ತೆರೆದ.

"ನಾಲ್ಕೂವರೆ ಆಯ್ತು ಸಾರ್. ಕಲಂ ಒಂಬತ್ತು, ತಡವಾದ ಸಲ್ಲಿಕೆ."

"ನಾನು ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತಲ್ಲಪ್ಪ? ಆಮೇಲೆ ನಿನ್ನ ವಿಷಯಕ್ಕೇ ತಾನೇ ಹೊತ್ತಾಗಿದ್ದು?"

"ಬಂದಿದ್ದು ಲೆಕ್ಕಕ್ಕಿಲ್ಲ ಸಾರ್, ಒಪ್ಪಿಸಿದ್ದು ಲೆಕ್ಕ. ನಿಮ್ಮ ಋಣ ಈ ಜನ್ಮದಲ್ಲಿ ತೀರೋದಿಲ್ಲ. ಇಲ್ಲಿ ಸಹಿ ಹಾಕಿ."

ಸಹಿಯ ಪಕ್ಕದಲ್ಲಿ 'ತಡಕ್ಕೆ ಕಾರಣ' ಎಂಬ ಅಂಕಣವಿತ್ತು. ಮೇಷ್ಟ್ರು ಯೋಚಿಸಿ, 'ಹೆಂಡತಿಯ ಕಾಗದ ಓದುತ್ತಿದ್ದೆ' ಎಂದು ಬರೆದರು. ಕಲಮಣ್ಣ ಅದನ್ನು ಓದಿ ಇನ್ನೊಮ್ಮೆ ಕಣ್ಣೊರೆಸಿಕೊಂಡ. ಒಪ್ಪಬಹುದಾದ ಐದು ಕಾರಣಗಳಲ್ಲಿ ಇದು ಇಲ್ಲವಾದ್ದರಿಂದ, ಕಾರಣ ಒಪ್ಪತಕ್ಕದ್ದಲ್ಲ ಎಂದು ಕೆಳಗೆ ಬರೆದು, ಮೆಮೊ ಹರಿದು ಎರಡೂ ಕೈಯಿಂದ ಭಕ್ತಿಯಿಂದ ಕೊಟ್ಟ. ಮೂವತ್ತನಾಲ್ಕು ವರ್ಷದಲ್ಲಿ ಎರಡನೆಯ ಕಪ್ಪು ಚುಕ್ಕೆ. ಮೊದಲನೆಯದನ್ನು ಅಳಿಸುವ ಸಾಕ್ಷ್ಯ ಚೀಲದಲ್ಲಿತ್ತು, ಯಾರಿಗೂ ತೋರಿಸುವಂತಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹನ್ನೆರಡು ವರ್ಷ ಒಂದು ಮಾತನ್ನೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹೆಂಡತಿಯನ್ನು, ಆಕೆಯೇ ಅಪ್ಪಣೆ ಕೊಟ್ಟಂತೆ, ಮೇಷ್ಟ್ರು ಮನಸ್ಸಿನಲ್ಲೇ ಬೈಯಲು ಕೂತರು. ಎಲ್ಲಿಂದ ಶುರು ಮಾಡಬೇಕೆಂದು ಯೋಚಿಸುತ್ತ ಯೋಚಿಸುತ್ತ ತಮ್ಮ ನಿಲ್ದಾಣ ಹೋಯಿತು, ಅದರ ಮುಂದಿನದೂ ಹೋಯಿತು. ಕಂಡಕ್ಟರು ಬಂದು, ಎಲ್ಲಿಗೆ ಯಜಮಾನ್ರೇ, ಇದು ಕೊನೇ ಸ್ಟಾಪು ಎಂದು ಎಬ್ಬಿಸಿದಾಗಲೂ ಬೈಗುಳದ ಮೊದಲ ಮಾತು ಸಿಕ್ಕಿರಲಿಲ್ಲ.