ಶಾಣ್ಯಾ ಚೀಲಕ್ಕೆ ಗಿರಾಕಿ

ಇನ್ನೊಬ್ಬರ ಅಡುಗೆಮನೆಯ ವಿಷಯ ಕೇಳಲು ಹೋದರೆ ಬೈಗುಳ ತಪ್ಪಿದ್ದಲ್ಲ. ನನಗೆ ಅದೇ ಉದ್ಯೋಗವಾಗಿರುವುದರಿಂದ ಇಂಥವು ಆಗುತ್ತಲೇ ಇರುತ್ತವೆ, ನಾನೂ ಅನುಭವಿಸುತ್ತಲೇ ಇರುತ್ತೇನೆ.

ಒಂದು ಕಂಪನಿಯವರು ಹೊಸ ತರಹದ ಚೀಲ ಮಾಡಿದ್ದಾರೆ. ಒಳಗೆ ಅನ್ನವೋ ಪಲ್ಯವೋ ಇಟ್ಟು ಬಾಯಿ ಮುಚ್ಚಿದರೆ ಮೇಲಿನ ಚುಕ್ಕಿ ಹಸಿರಾಗಿರುತ್ತದೆ. ಒಳಗಿನದು ಹುಳಿ ಹಿಡಿದು ಕೆಡುತ್ತ ಬಂದಂತೆ ಚುಕ್ಕಿ ಕೆಂಪಾಗುತ್ತದೆ. ಚೆನ್ನಾಗಿರುವುದನ್ನು ಅನುಮಾನಪಟ್ಟು ಎಸೆಯಬಾರದು, ಕೆಟ್ಟದ್ದನ್ನು ತಿನ್ನಲೂಬಾರದು, ಇಷ್ಟೇ ಅದರ ಉದ್ದೇಶ. ಬೀದರ, ಭಾಲ್ಕಿ, ಔರಾದ ಕಡೆ ಮನೆಮನೆಗೆ ಹೋಗಿ ಒಂದೆರಡು ಚೀಲ ಪುಕ್ಕಟೆ ಕೊಟ್ಟು ಎರಡು ಪ್ರಶ್ನೆ ಕೇಳುವುದು ನನ್ನ ಕೆಲಸ. ವಾರಕ್ಕೆ ಎಷ್ಟು ಅಡಿಗೆ ಎಸೆಯುತ್ತೀರಿ? ಬೆಲೆ ಸ್ವಲ್ಪ ಹೆಚ್ಚಾದರೂ ಇಂಥ ಚೀಲ ಕೊಳ್ಳುತ್ತೀರಾ?

ನನ್ನ ಮೇಲಿನ ಸಾಹೇಬರು ಮೈಸೂರು ಕಡೆಯ ಹುಡುಗ, ಕೂಡುವುದು ಹೈದರಾಬಾದಿನ ಆಫೀಸಿನಲ್ಲಿ. ಕೊಳ್ಳುತ್ತೇವೆ ಅನ್ನುವ ಮನೆಗಳು ಸಿಗದಿದ್ದರೆ ನಿಮ್ಮ ಜಿಲ್ಲೆಯ ಕೆಲಸ ಬಂದ್ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಜಿಲ್ಲೆಯ ಕೆಲಸ ಅಂದರೆ ನನ್ನ ಕೆಲಸ, ಬೇರೆ ಯಾರೂ ಇರಲಿಲ್ಲ. ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಮುಚ್ಚಿಹೋದ ಮೇಲೆ ಸಿಕ್ಕಿದ್ದು ಇದೊಂದೇ. ನನಗೆ ಇದು ಬೇಕೇ ಬೇಕಿತ್ತು. ಹಾಗಂತ ಇಲ್ಲ ಅಂದವರ ಹೆಸರಿನ ಮುಂದೆ ಹೌದು ಅಂತ ಬರೆಯುವ ಪೈಕಿ ನಾನಲ್ಲ.

ತಟ್ಟೆ ತೊಳೆದ ಮುತ್ಯಾ

ಬೀದರಿನಲ್ಲಿ ಮೊದಲ ಮನೆ ಬಸವಣ್ಣನ ಭಕ್ತರದು. ಆ ಮನೆಯ ಅಜ್ಜ, ಎಲ್ಲರ ಮುತ್ಯಾ, ಊಟಕ್ಕೆ ಕೂತಿದ್ದರು. ವಾರಕ್ಕೆ ಎಷ್ಟು ಎಸೆಯುತ್ತೀರಿ ಎಂದು ನಾನು ಕೇಳಿದ್ದೇ ತಡ, ಅವರು ಅಗಿಯುವುದನ್ನು ನಿಲ್ಲಿಸಿದರು. ನನ್ನನ್ನೇ ನೋಡುತ್ತ ಊಟ ಮುಗಿಸಿ, ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಗಟಗಟ ಕುಡಿದರು. ಆಮೇಲೆ ತಟ್ಟೆಯನ್ನು ನನ್ನ ಎದುರಿಗೆ ಬೋರಲು ಹಾಕಿ ತೋರಿಸಿದರು.

"ಇದು ಪ್ರಸಾದ ಅದವ್ವ. ಈಗ ಬರಕೊ, ಎಷ್ಟ ಚೆಲ್ಲೀವಿ ಅಂತ."

ಬರೆದುಕೊಂಡು ಎದ್ದೆ. ಆದರೆ ಅವರ ಹೆಂಡತಿಗೆ ಸಮಾಧಾನವಾಗಲಿಲ್ಲ. ತಂಗಳು ರೊಟ್ಟಿ ಮುರಿದು ಉಳ್ಳಾಗಡ್ಡಿ ಒಗ್ಗರಣೆ ಹಾಕಿದ್ದನ್ನು ತಂದು, ನಿನ್ನೆಯದು ಹೀಗಾಗುತ್ತದೆ, ತಿಂದು ನೋಡಿ ಬರೆದುಕೋ ಎಂದರು. ಅಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು. ಪಕ್ಕದ ಮನೆಯಲ್ಲಿ ನಿನ್ನೆಯ ಅನ್ನದ ಚಿತ್ರಾನ್ನ, ಅದರಾಚೆ ಮೊನ್ನೆಯ ಪುಂಡಿಪಲ್ಯ. ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ. ನಮ್ಮವ್ವ ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು, ಪ್ರಾರ್ಥನೆ ಮಾಡಿದ ಅನ್ನವನ್ನು ಬಿಟ್ಟೇಳಬಾರದು ಅಂತ ಬೆನ್ನಿಗೆ ಗುದ್ದಿ ಬೆಳೆಸಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಆ ಓಣಿಯಲ್ಲಿ ಒಂದು ಅಗುಳೂ ಹಾಳಾಗಿರಲಿಲ್ಲ. ಎಲ್ಲಾ ನನ್ನ ಹೊಟ್ಟೆಯಲ್ಲಿತ್ತು.

ಗೋಡೆ ನೋಡುವ ಚುಕ್ಕಿ

ಚೀಲದ ಮೇಲೆ ಸ್ಮಾರ್ಟ್ ಎಂದು ಅಚ್ಚಾಗಿತ್ತು, ಹಾಗಂದರೆ ಏನು ಎಂದು ಜನ ಕೇಳುತ್ತಿದ್ದರು. ಜಾಣ, ನಮ್ಮ ಮಾತಿನಲ್ಲಿ ಶಾಣ್ಯಾ ಅಂತ ಹೇಳಿದೆ. ಅವತ್ತಿನಿಂದ ಅದಕ್ಕೆ ಶಾಣ್ಯಾ ಚೀಲ ಎಂದೇ ಹೆಸರು ಬಿತ್ತು.

ಭಾಲ್ಕಿಯ ಒಬ್ಬ ಅಂಗಡಿಯವರನ್ನು ಶಾಣ್ಯಾ ಚೀಲದಲ್ಲಿ ಖೋವಾ ತುಂಬಿ ಮಾರಲು ಒಪ್ಪಿಸಿದ್ದೆ. ಮರುದಿನ ಹೋಗಿ ನೋಡಿದರೆ ಚೀಲಗಳೆಲ್ಲ ಸಾಲಾಗಿ ನಿಂತಿವೆ, ಚುಕ್ಕಿ ಮಾತ್ರ ಗೋಡೆಯ ಕಡೆಗೆ. ಕೆಂಪಾಗಿವೆಯೇನೋ ಎಂದು ತಿರುಗಿಸಿ ನೋಡಿದೆ. ಎಲ್ಲವೂ ಹಸಿರೇ ಇದ್ದವು. ಮತ್ತೆ ಯಾಕೆ ಮುಚ್ಚಿಟ್ಟಿದ್ದೀರಿ ಎಂದರೆ, ಹಸಿರು ನೋಡಿದ ಗಿರಾಕಿ ಇದು ಕೆಂಪು ಯಾವಾಗ ಆಗುತ್ತದೆ ಎಂದು ಕೇಳುತ್ತಾನಂತೆ. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು. ಗಿರಾಕಿಗೆ ತಿಳಿಯಲಿ ಅಂತಲೇ ಅಲ್ಲವೇ ಈ ಚೀಲ ಇಷ್ಟು ಶಾಣ್ಯಾ ಆಗಿರುವುದು ಎಂದು ನಾನು ವಾದಕ್ಕೆ ನಿಂತೆ. ಅವರು ಖೋವಾ ಚೀಲಗಳನ್ನೆಲ್ಲ ಎತ್ತಿ ನನ್ನ ಕೈಯಲ್ಲಿಟ್ಟರು.

"ನಮ್ಮ ದುಕಾನದಾಗ ಶಾಣ್ಯಾ ನಾ ಒಬ್ಬನೇ ಸಾಕ್ರಿ ಅಕ್ಕಾರ."

ಎರಡೂ ಶುಭ

ಅದೇ ಭಾಲ್ಕಿಯಲ್ಲಿ ನನಗೆ ಮೊಟ್ಟಮೊದಲ ಹೌದು ಸಿಕ್ಕಿತು. ಕೊಟ್ಟವಳು ಒಂದು ಮನೆಯ ಸೊಸೆ. ಆ ಮನೆಯ ಪದ್ಧತಿ ಏನೆಂದರೆ ಬಿಸಿ ಅಡಿಗೆ ಗಂಡಸರಿಗೆ, ತಂಗಳು ಸೊಸೆಗೆ. ಅತ್ತೆ ಕೈ ದೊಡ್ಡದು ಮಾಡಿ ಅಡಿಗೆಗೆ ಹಾಕುವವರು, ಉಳಿದದ್ದನ್ನೆಲ್ಲ ಸೊಸೆ ತಿನ್ನಬೇಕು. ಚೀಲದ ಗುಣ ಕೇಳಿದ ಸೊಸೆಯ ಕಣ್ಣು ಅರಳಿದವು. ಬೆಲೆ ಎಷ್ಟಾದರೂ ಇರಲಿ, ನನ್ನ ಸ್ವಂತ ಖರ್ಚಿನಲ್ಲಿ ತಗೊಳ್ಳುತ್ತೇನೆ ಎಂದಳು.

ಕೆಲವು ದಿನ ಬಿಟ್ಟು ಹೋದಾಗ ಅತ್ತೆ ಸೊಸೆ ಎದುರುಬದುರು ಕೂತಿದ್ದರು. ನಡುವೆ ಬೇಳೆ ತುಂಬಿದ ಚೀಲ, ಅದರ ಮೇಲೆ ಕೆಂಪು ಚುಕ್ಕಿ. ಕೆಂಪಾಗಿದೆ, ಇನ್ನು ನಾನು ತಿನ್ನುವುದಿಲ್ಲ ಎಂದು ಸೊಸೆ ಹಟ ಹಿಡಿದಿದ್ದಳು. ಅತ್ತೆ ಒಪ್ಪುವ ಪೈಕಿಯೇ?

"ಹಸರು ಅಂದ್ರ ಬಳಿ, ಕೆಂಪು ಅಂದ್ರ ಕುಂಕುಮ. ಹೆಣ್ಣಮಕ್ಕಳಿಗಿ ಎರಡೂ ಶುಭನೇ. ಸುಮ್ನ ಉಣ್ಣು."

ಸೊಸೆ ಎದ್ದು ಒಳಗೆ ಹೋಗಿ ತಟ್ಟೆ ತಂದಳು. ಚೀಲ ಬಿಚ್ಚಿ ಬೇಳೆಯನ್ನೆಲ್ಲ ಸುರಿದಳು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಅತ್ತೆಯ ಮುಂದೆ ಸರಿಸಿದಳು.

"ಹಂಗಿದ್ರ ಶುಭ ಮೊದಲ ದೊಡ್ಡವರಿಗಿ ಆಗ್ಲಿರಿ, ಅತ್ತಿ."

ನನಗೆ ಚಪ್ಪಾಳೆ ಹೊಡೆಯುವಷ್ಟು ಖುಷಿಯಾಯಿತು, ಆದರೆ ಕೆಲಸದ ಮೇಲೆ ಬಂದವಳು, ಕೈ ಕಟ್ಟಿಕೊಂಡೆ. ಅತ್ತೆ ತಟ್ಟೆ ಒಯ್ದು ಎಮ್ಮೆಯ ಮುಂದಿಟ್ಟರು. ಎಮ್ಮೆ ಮೂಸಿ ಮುಖ ತಿರುಗಿಸಿತು. ಅವತ್ತಿನಿಂದ ಅಡಿಗೆ ಅಳತೆಗೆ ಬಂತಂತೆ. ಆದರೆ ಅತ್ತೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, ಈ ಮನೆಗೆ ನಿನ್ನ ಚೀಲ ಬೇಡ ಅಂತ ಬರೆದುಕೋ ಎಂದರು. ಲೆಕ್ಕಕ್ಕೆ ಬರುವುದು ಮನೆಯ ಯಜಮಾನಿಯ ಮಾತು. ಇದ್ದ ಒಂದು ಹೌದೂ ಕೈಬಿಟ್ಟು ಹೋಯಿತು.

ಹೊಂದಿಸಿ ಬರೆಯಿರಿ

ಸಾಹೇಬರಿಂದ ಫೋನು ಬಂತು. ಬೇರೆ ಜಿಲ್ಲೆಗಳಲ್ಲಿ ಜನ ಕೊಳ್ಳಲು ತಯಾರಿದ್ದಾರಂತೆ, ನಮ್ಮಲ್ಲಿ ಎಲ್ಲ ಇಲ್ಲ, ಇಲ್ಲ ಅಂತಲೇ ಇದೆಯಂತೆ. ದನಿ ತಗ್ಗಿಸಿ, ಸ್ವಲ್ಪ ಹೊಂದಿಸಿ ಬರೆಯಿರಿ ಮೇಡಂ, ಇಲ್ಲದಿದ್ದರೆ ನಿಮಗೇ ತೊಂದರೆ ಎಂದರು.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕೆಲಸ ಹೋದರೆ ಹೋಗಲಿ ಎಂದು ಅನಿಸಿತು, ಹೋಗಬಾರದು ಎಂದೂ ಅನಿಸಿತು. ಇಲ್ಲಿ ಒಬ್ಬರೂ ಕೊಳ್ಳುವುದಿಲ್ಲ, ಹೊಂದಿಸುವ ಕೆಲಸ ನನಗೆ ಬರುವುದಿಲ್ಲ, ಸುಳ್ಳು ಅನಿಸಿದರೆ ನೀವೇ ಬಂದು ಕೇಳಿ ಎಂದೆ. ಹುಡುಗನೂ ಹಟಮಾರಿಯೇ. ಬರುತ್ತೇನೆ ಎಂದ.

ಠಾಣಾ ಕುಶನೂರಿನ ಆಯಿ

ಅವರು ಬಂದ ದಿನ ಎಳ್ಳ ಅಮಾವಾಸ್ಯೆ. ಅವತ್ತು ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ನಾನು ಮೊದಲೇ ಚೀಲ ಕೊಟ್ಟಿದ್ದ ಒಬ್ಬ ಮುದುಕಿ ಆಯಿಯ ಹೊಲಕ್ಕೆ ಕರೆದುಕೊಂಡು ಹೋದೆ. ತೊಗರಿಯ ಪಕ್ಕದಲ್ಲಿ ಪೂಜೆ ಮುಗಿದಿತ್ತು. ಆಯಿಯ ಮಗ ಬುಟ್ಟಿಯಿಂದ ಸಜ್ಜೆ ರೊಟ್ಟಿ, ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ ಹಿಡಿಹಿಡಿಯಾಗಿ ತೆಗೆದು ಹೊಲದ ಸುತ್ತ ಚೆಲ್ಲುತ್ತ ಹೊರಟಿದ್ದ.

ಸಾಹೇಬರ ಮುಖ ಊರಗಲವಾಯಿತು. ಮೊಬೈಲ್ ತೆಗೆದು ಫೋಟೊ ಹೊಡೆಯತೊಡಗಿದರು. ಯಾರೂ ಎಸೆಯುವುದಿಲ್ಲ ಅಂತ ಬರೆದಿದ್ದೀರಲ್ಲ, ಕಣ್ಣೆದುರಿಗೇ ಎಸೆಯುತ್ತಿದ್ದಾರೆ ನೋಡಿ ಎಂದರು. ಇದು ಚರಗ, ಭೂಮಿತಾಯಿಗೆ ಉಣಿಸುವುದು ಎಂದೆ. ಅವರು ಬಿಡಲಿಲ್ಲ. ಆಯಿಯ ಹತ್ತಿರ ಹೋಗಿ, ಇದನ್ನು ಚೀಲದಲ್ಲಿಟ್ಟರೆ ನಾಳೆಗೂ ಆಗುತ್ತದಲ್ಲ ಅಜ್ಜಿ ಎಂದು ವಿನಯದಿಂದಲೇ ಕೇಳಿದರು.

ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ವರ್ಷಪೂರ ನಾವು ಉಣ್ಣೂದು ಈ ಭೂಮ್ತಾಯಿ ಕೊಟ್ಟಿದ್ದ. ಅಕಿಗಿ ನಾಳಿ ಉಣ್ಣು ಅಂತ ನಾ ಹ್ಯಾಂಗ ಹೇಳ್ಲೆಪ್ಪಾ?"

ಸಾಹೇಬರು ಮೊಬೈಲ್ ಕಿಸೆಗೆ ಹಾಕಿಕೊಂಡರು.

ಊಟಕ್ಕೆ ಕೂತೆವು. ಆಯಿ ಅಂಬಲಿಯ ಗಡಿಗೆ ತಂದಿಟ್ಟಳು. ಗಡಿಗೆಯ ಬಾಯಿಗೆ ನಮ್ಮ ಶಾಣ್ಯಾ ಚೀಲವನ್ನೇ ಬಿಗಿದು ಕಟ್ಟಿದ್ದಳು. ಚುಕ್ಕಿ ಕೆಂಪಗೆ ಉರಿಯುತ್ತಿತ್ತು. ಸಾಹೇಬರು ಹೌಹಾರಿ ಎದ್ದು ನಿಂತು, ಕೆಟ್ಟಿದೆ, ಯಾರೂ ಕುಡಿಯಬೇಡಿ ಎಂದು ಕೈ ಅಡ್ಡ ಮಾಡಿದರು. ಹೊಲದಲ್ಲಿ ಕೂತವರೆಲ್ಲ ಅವರ ಮುಖ ನೋಡಿದರು.

"ಕೆಟ್ಟಿಲ್ರಿ ಸಾಹೇಬ್ರ, ಹುಳಿ ಬಂದದ," ಎಂದಳು ಆಯಿ. ಜೋಳದ ಹಿಟ್ಟಿನ ಗಂಜಿಗೆ ಮಜ್ಜಿಗೆ ಬೆರೆಸಿಟ್ಟು ಹುಳಿ ಬರಿಸಿದರೇ ಅಂಬಲಿ. ಈ ಥಂಡಿಯಲ್ಲಿ ಹುಳಿ ಬಂತೋ ಇಲ್ಲವೋ ಎಂದು ಪ್ರತಿ ಸಲ ಮುಚ್ಚಳ ತೆಗೆದು ರುಚಿ ನೋಡಬೇಕು. ಮನೆಮಂದಿಯೆಲ್ಲ ರುಚಿ ನೋಡಿ ನೋಡಿ ಹಬ್ಬದ ಹೊತ್ತಿಗೆ ಗಡಿಗೆ ಅರ್ಧಕ್ಕೆ ಇಳಿದಿರುತ್ತದೆ. ಈ ಸಲ ಯಾರೂ ಮುಟ್ಟಲಿಲ್ಲ, ಚುಕ್ಕಿ ಕೆಂಪಾಗುವವರೆಗೆ ಕಾದು ಗಡಿಗೆ ಎತ್ತಿಕೊಂಡು ಬಂದೆವು ಎಂದು ಆಯಿ ವಿವರಿಸಿದಳು. ಇಂಥ ಚೀಲ ಎಷ್ಟಕ್ಕೆ ಕೊಟ್ಟರೂ ತಗೊಳ್ಳುತ್ತೇನೆ, ನಮ್ಮ ಓಣಿಗೆಲ್ಲ ಬೇಕು ಎಂದಳು. ಸುತ್ತಲಿನ ಹೊಲಗಳ ಹೆಂಗಸರೂ ಬಂದು ಗಡಿಗೆ ನೋಡಿ, ತಮಗೂ ಬೇಕೆಂದು ಹೆಸರು ಬರೆಸಿದರು.

ಇಲ್ಲಿ ಒಬ್ಬರೂ ಕೊಳ್ಳುವುದಿಲ್ಲ ಎಂದು ಎದೆ ತಟ್ಟಿ ಹೇಳಿದ್ದವಳು ನಾನು. ನನ್ನ ಕೈಯಿಂದಲೇ ಹೌದು, ಹೌದು, ಹೌದು. ಕೆಲಸ ಉಳಿಯಿತು ಎಂಬ ಸಂತೋಷಕ್ಕೆ ಕಣ್ಣು ತುಂಬಿದವು. ಸಾಹೇಬರು ಅಂಬಲಿಯ ಎರಡನೆಯ ಗ್ಲಾಸು ಖಾಲಿ ಮಾಡಿ ಮೀಸೆ ಒರೆಸಿಕೊಂಡು, ಕಾರಣದ ಜಾಗದಲ್ಲಿ ಆಹಾರ ಕೆಡುವುದನ್ನು ತಡೆಯಲು ಅಂತ ಬರೆಯಿರಿ ಎಂದರು. ನಾನು ಬರೆಯಲಿಲ್ಲ. ಆಯಿ ಹೇಳಿದ್ದನ್ನೇ ಬರೆದೆ: ಸರಿಯಾಗಿ ಹುಳಿ ಬಂದದ್ದು ತಿಳಿಯಲು. ಆಫೀಸಿನಲ್ಲಿ ನಗುತ್ತಾರೆ ಎಂದರು. ನಗಲಿ, ನಾನು ಸುಳ್ಳು ಬರೆದು ಕೊಟ್ಟರೆ ಆಮೇಲೆ ಅವರೇ ಅಳಬೇಕಾಗುತ್ತದೆ ಎಂದೆ.

ಆಫೀಸಿನವರು ನಕ್ಕರೋ ಅತ್ತರೋ, ಠಾಣಾ ಕುಶನೂರಿಗೆ ಒಂದು ಕಟ್ಟು ಚೀಲವನ್ನಂತೂ ಕಳಿಸಿದರು. ಬೆಳಿಗ್ಗೆಯೇ ನಾನೇ ಹೋಗಿ ಹಂಚಿ ಬಂದೆ. ಮರುದಿನ ಬೆಳಿಗ್ಗೆ ಸಾಹೇಬರು ಫೋನಿನಲ್ಲಿ ಅಭಿನಂದನೆ ಹೇಳುತ್ತಿರುವಾಗಲೇ ಆಯಿಯ ಕರೆ ಬಂತು. ಇಬ್ಬರ ಕರೆಯನ್ನೂ ಕೂಡಿಸಿದೆ, ಸಾಹೇಬರೇ ಕೇಳಲಿ ಎಂದು. ಚೀಲ ಹೇಗಿದೆ ಅಜ್ಜಿ ಎಂದು ಅವರು ಉತ್ಸಾಹದಿಂದ ಕೇಳಿದರು.

"ಹಾಳ ಚೀಲ ಕೊಟ್ಟೀರಿ. ನಿನ್ನಿ ಮುಂಜಾನಿಂದ ಅಂಬಲಿ ಗಡಿಗಿಗಿ ಕಟ್ಟಿ ಕಾಯ್ಲಾಕತ್ತೀನಿ, ಇನ್ನಾ ಹಸರೇ ಅದ. ಲಗೂನ ಕೆಂಪ ಆಗೂದು ಇದ್ರ ಕಳಸ್ರಿ, ಇಲ್ಲಾಂದ್ರ ವಾಪಸ ತಗೋರಿ."