ನನ್ನ ಎಡಗಡೆಯ ಕನ್ನಡಿ

ಇಪ್ಪತ್ತು ವರ್ಷ ಹುಣಸೂರಿನ ಸುತ್ತಮುತ್ತ ಬೈಕ್ ಓಡಿಸಿದ ನನಗೆ ಕಾರು ಯಾವ ಲೆಕ್ಕ? ಬೈಕಿಗೆ ಎರಡು ಚಕ್ರ, ಕಾರಿಗೆ ನಾಲ್ಕು. ಅಂದರೆ ಬೀಳುವ ಭಯವೂ ಇಲ್ಲ! ಈ ಘನ ಸಿದ್ಧಾಂತದ ಬಲದ ಮೇಲೆ ಲೈಸೆನ್ಸ್ ಮಾಡಿಸಿ, ಹಳೆಯದೊಂದು ಬಿಳಿ ಕಾರು ಕೊಂಡೆ.

"ರೀ, ಮೊದ್ಲು ನಮ್ಮೂರ್ಗೆ ಓಗವ. ಅವ್ವ ಕಾರಿಗೆ ಆರತಿ ಎತ್ತೀನಿ ಅಂದವ್ಳೆ" ಎಂದಳು ಹೆಂಡತಿ ಗಿರಿಜಾ.

ಅವಳ ತವರು ಅಂತರಸಂತೆಯ ಹತ್ತಿರದ ಹಳ್ಳಿ. ಮದುವೆಯಾದಾಗಿನಿಂದ ಆ ಮನೆಗೆ ನಾನು ಧೂಳು ಮೆತ್ತಿಕೊಂಡೇ ಹೋದ ಅಳಿಯ. ಒಮ್ಮೆಯಾದರೂ ಇಸ್ತ್ರಿ ಕೆಡದ ಅಂಗಿಯಲ್ಲಿ ಅಲ್ಲಿ ಇಳಿಯಬೇಕು, ಆರತಿ ತಟ್ಟೆ ನನ್ನ ಕಾರಿನ ಮುಂದೆ ಸುತ್ತಬೇಕು ಎಂಬ ಆಸೆ ಹೊಟ್ಟೆಯೊಳಗೇ ಇತ್ತು.

ಹೊರಟೆವು. ಮೊದಲನೇ ಹಂಪ್ ಬಂದಾಗ ಬೈಕಿನ ಅಭ್ಯಾಸದಂತೆ ಸೀಟಿನಿಂದ ಅರ್ಧ ಎದ್ದೆ. ಬೆಲ್ಟು ಹೊಟ್ಟೆ ಹಿಡಿದು ಕೂರಿಸಿತು. ಗಿರಿಜಾ ನನ್ನ ಮುಖ ನೋಡಿದಳು. ಎಚ್.ಡಿ. ಕೋಟೆಯಲ್ಲಿ ಬಸ್ಸಿಗೂ ಟ್ರ್ಯಾಕ್ಟರಿಗೂ ನಡುವೆ ಸಂದು ಕಂಡಿತು. ಬೈಕ್ ಧಾರಾಳವಾಗಿ ಹೋಗುವ ಸಂದು. ಮೂತಿ ತೂರಿಸಿದೆ. ಬಲಗಡೆಯ ಕನ್ನಡಿ ಟಪ್ಪನೆ ಮಡಚಿಕೊಂಡಿತು!

"ಯಾನ್ ಸ್ವಾಮಿ, ಮನೆಲೇ ಬೈಕ್ ಬುಟ್ಬಂದಿರದು ಮರ್ತೋಯ್ತಾ?" ಎಂದ ಟ್ರ್ಯಾಕ್ಟರಿನವನು.

ಇದೆಲ್ಲ ಸಣ್ಣಪುಟ್ಟದ್ದು. ನಿಜವಾದ ಪ್ರಮಾದ ಮುಂದಿತ್ತು. ನನ್ನ ಬೈಕಿಗೆ ಎಡಗಡೆಯ ಕನ್ನಡಿ ಇರಲೇ ಇಲ್ಲ. ಯಾಕೆ ಬೇಕು? ಸೀರೆಯುಟ್ಟ ಗಿರಿಜಾ ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು, ಎಡಕ್ಕೇ ಮುಖ ಮಾಡಿ ಕೂರುತ್ತಿದ್ದಳು. ತಿರುವು ಬಂದಾಗ "ಬಸ್ ಬತ್ತಾದೆ, ತಡೀರಿ" ಎನ್ನುತ್ತಿದ್ದಳು. ಸುಮ್ಮನಿದ್ದರೆ ದಾರಿ ಖಾಲಿ. ಬಲಗಡೆ ನನ್ನ ಇಲಾಖೆ, ಎಡಗಡೆ ಅವಳದು. ಕಾರಿನಲ್ಲಿ ಅವಳು ಗಾಜು ಏರಿಸಿಕೊಂಡು, ಎಲ್ಲರ ಹಾಗೆ ಮುಂದಕ್ಕೆ ನೋಡುತ್ತಾ ಕೂತಿದ್ದಳು. ಈ ಆಡಳಿತಾತ್ಮಕ ಬದಲಾವಣೆ ನನ್ನ ಗಮನಕ್ಕೇ ಬಂದಿರಲಿಲ್ಲ.

ಅವಳ ಊರಿನ ಅಡ್ಡದಾರಿ ಬಂತು. ಗಿರಿಜಾ ಸುಮ್ಮನಿದ್ದಳು. ಇಂಡಿಕೇಟರ್ ಕೂಡ ಹಾಕದೆ ಎಡಕ್ಕೆ ಎಳೆದೆ.

"ಅಯ್ಯಯ್ಯೋ!" ಎಂದು ಯಾರೋ ಕೂಗಿದರು. ಎಡಗಡೆ ಬರುತ್ತಿದ್ದ ಬೈಕೊಂದು ಕಾರಿಗೆ ತಾಗದಂತೆ ಪಕ್ಕದ ಹುರುಳಿ ಹೊಲಕ್ಕೆ ಇಳಿದು ಮಲಗಿತು. ಸವಾರನೂ ಜೊತೆಗೇ ಮಲಗಿದ.

ಕಾರು ನಿಲ್ಲಿಸಿದೆ. ಅವನನ್ನು ಎತ್ತುವ ಆತುರದಲ್ಲಿ ಹಿಂದೆ ನೋಡದೆ ಬಾಗಿಲು ತೆರೆದೆ. ಬಲಗಡೆ ಬರುತ್ತಿದ್ದ ಇನ್ನೊಂದು ಬೈಕು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ನನ್ನ ವಂಶದವರನ್ನೆಲ್ಲ ಸ್ಮರಿಸುತ್ತಾ ಮುಂದೆ ಹೋಯಿತು.

ಬಿದ್ದವನು ಎದ್ದು ಹೆಲ್ಮೆಟ್ ತೆಗೆದ. ಗಿರಿಜಾಳ ಊರಿನ ಮಾದಪ್ಪ! ಮಂಡಿ ತರಚಿತ್ತು, ಅಷ್ಟೇ. ಆದರೆ ಹೆಲ್ಮೆಟ್ಟಿನ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು. ಅವನ ಮನೆಯಲ್ಲೂ ಯಾರೋ ದಾರಿ ನೋಡುತ್ತಿರುತ್ತಾರಲ್ಲ.

"ತಪ್ಪಾಯ್ತು ಮಾದಪ್ಪ, ನೋಡ್ಲಿಲ್ಲ" ಎಂದೆ.

"ಬುಡಿ ಭಾವ. ನಿಮ್ಗೆ ಕಾರಿನ್ ಮುಂದ್ಗಡೆ ಬಂಪರ್ ಐತೆ. ನಮ್ಗೆ ಈ ಮಂಡಿನೇ ಬಂಪರ್ ಕಣ್ರೀ. ಒಸಿ ನೋಡ್ಕಂಡ್ ತಿರುಗ್ಸಿ" ಎಂದ.

"ಗಿರಿಜಾ ಏನೂ ಹೇಳ್ಲಿಲ್ಲ, ಅದಕ್ಕೇ…"

"ಕಾರ್ಗೆ ಕನ್ನಡಿ ಯಾಕ್ ಮಡಗವ್ರೆ? ನೀವು ತಲೆ ಬಾಚ್ಕಳಕ್ಕಾ?" ಎಂದು ಗಿರಿಜಾ ಕೆಳಗಿಳಿದಳು. "ಮಾದಪ್ಪ, ನಿನ್ ಬೈಕಲ್ಲೇ ಬತ್ತೀನಿ ಕಣಪ್ಪ."

ಮಾದಪ್ಪ ತನ್ನ ಹೆಂಡತಿಗೆಂದು ತಂದಿದ್ದ ಇನ್ನೊಂದು ಹೆಲ್ಮೆಟ್ ಕೊಟ್ಟ. ಅವರಿಬ್ಬರೂ ಮುಂದೆ, ಖಾಲಿ ಕಾರಿನಲ್ಲಿ ನಾನು ಹಿಂದೆ. ಒಂದು ಬಸ್ಸು ನಿಲ್ಲುವಷ್ಟು ಅಂತರ ಬಿಟ್ಟು, ಮೂರೂ ಕನ್ನಡಿ ನೋಡುತ್ತಾ ಹೋದೆ. ಇಷ್ಟು ಶಿಸ್ತಾಗಿ ನಾನು ಮೆರವಣಿಗೆಯಲ್ಲೂ ಹೋದವನಲ್ಲ!

ಅತ್ತೆ ಆರತಿ ತಟ್ಟೆ ಹಿಡಿದು ಮನೆ ಮುಂದೆ ನಿಂತಿದ್ದರು. ಮಗಳು ಎರಡೇ ಮಾತಿನಲ್ಲಿ ಎಲ್ಲ ಹೇಳಿದಳು. ಅತ್ತೆ ಮಾದಪ್ಪನಿಗೆ ಆರತಿ ಎತ್ತಿ, ಅವನ ಬೈಕಿಗೂ ಕುಂಕುಮ ಇಟ್ಟರು. ಸದ್ಯ, ಇನ್ನು ನನ್ನ ಸರದಿ ಎಂದು ಅಂಗಿ ಸರಿಮಾಡಿಕೊಂಡು ಕಾರನ್ನು ಮೆಲ್ಲಗೆ ಮುಂದಕ್ಕೆ ತಂದೆ.

ಅತ್ತೆ ತಟ್ಟೆ ಕೆಳಗಿಟ್ಟು, ಎರಡೂ ಕೈ ಅಡ್ಡ ಹಿಡಿದು ಓಡಿ ಬಂದರು.

"ಅಲ್ಲೇ ನಿಲ್ಸಿ ಅಳಿಯಂದ್ರೇ! ಇಲ್ಲಿ ಹಸೀನ್ ಕರ ಕಟ್ಟಾಕಿವ್ನಿ!"